ಮೂರೂ ನಲವತ್ತರ ಹುಳು

"ಇವತ್ತೂ ಕೂಗ್ತು ನೋಡಿ ದಫೇದಾರ್ರೇ, ನಿಮ್ಮ ಬೀರುವಿನೊಳಗಿನ ಹುಳ!"

ದೊಡ್ಡಮ್ಮ ಪೊರಕೆಯ ಹಿಡಿಯಿಂದ ಕಬ್ಬಿಣದ ಬೀರುವಿನ ಬಾಗಿಲನ್ನು ಎರಡು ಸಲ ತಟ್ಟಿದಳು. ಠಾಣೆಯ ಕಸ ಗುಡಿಸುವ ಕೆಲಸ ಅವಳದು. ಠಾಣೆ ಎಂದರೆ ಎರಡು ಕೋಣೆ, ಒಂದು ಲಾಕಪ್ಪು, ಕಾಲು ಅಲ್ಲಾಡುವ ಒಂದು ಮೇಜು. ಗುಡಿಸಲು ಹತ್ತು ನಿಮಿಷ ಸಾಕು. ಮಾತಾಡಲು ಅವಳಿಗೆ ಒಂದು ಗಂಟೆ ಬೇಕು.

"ಯಾವ ಹುಳ?" ದಫೇದಾರರು ಟೋಪಿ ತೆಗೆದು ಮೊಳೆಗೆ ಹಾಕಿದರು. ದಿನವೂ ಈ ಹೊತ್ತಿಗೆ ಅವರು ಬಸ್ ನಿಲ್ದಾಣದ ಕೂಡುರಸ್ತೆಯಲ್ಲಿ ನಿಂತಿರಬೇಕು. ಇವತ್ತು ಬಸ್ಸು ಕೆಟ್ಟು ನಿಂತಿದ್ದರಿಂದ ಬೇಗ ಬಂದಿದ್ದರು.

"ಜೀರುಂಡೆ. ದಿನಾ ನಾನು ಗುಡಿಸೋಕೆ ಬಂದಾಗ್ಲೇ ಶುರು ಮಾಡುತ್ತೆ. ಇಪ್ಪತ್ತು ಎಣಿಸೋ ಹೊತ್ತು ಕೂಗಿ ಬಾಯಿ ಮುಚ್ಚುತ್ತೆ. ಸರ್ಕಾರಿ ನೌಕರರ ಹಾಗೆ ಸರಿಯಾದ ಟೈಮಿಗೆ!"

"ನೌಕರರು ಟೈಮಿಗೆ ಬರ್ತಾರೆ ಅಂತ ನಿಂಗ್ಯಾರು ಹೇಳಿದ್ದು?"

ನಗುತ್ತಲೇ ಗೋಡೆಯ ಗಡಿಯಾರ ನೋಡಿದರು. ಮೂರು ಗಂಟೆ ನಲವತ್ತೊಂದು ನಿಮಿಷ. ನಗು ಅಲ್ಲಿಗೇ ನಿಂತಿತು.

"ಎಷ್ಟು ದಿನದಿಂದ ಕೂಗ್ತಿದೆ?"

"ಐದಾರು ದಿನ ಆಯ್ತು. ಆ ಸರ್ವೇಯರ್ರು ಸತ್ತ ಮಾರನೇ ದಿನದಿಂದ ಅಂತ ಇಟ್ಕೊಳ್ಳಿ. ಔಷಧಿ ತರಿಸಿ ಅಂತ ನಿಮಗೆ ಮೊನ್ನೆನೇ ಹೇಳಿದ್ದೆ, ನೀವು ಹೂಂ ಅಂದ್ರಿ. ನೀವು ಎಲ್ಲದಕ್ಕೂ ಹೂಂ ಅಂತೀರಿ."

ದಫೇದಾರರು ಬೀರು ತೆರೆದರು. ಒಳಗೆ ಹಗ್ಗ ಕಟ್ಟಿದ ಕಾಗದದ ಕಟ್ಟು, ಮುರಿದ ಲಾಟೀನು, ಅರಗಿನ ಮುದ್ರೆ ಒತ್ತಿದ ಒಂದು ಸಣ್ಣ ಬಟ್ಟೆಚೀಲ. ಹುಳುವಿನ ಸುಳಿವೂ ಇಲ್ಲ.

ಚೀಲದೊಳಗೆ ಇದ್ದದ್ದು ಒಂದು ವಾಚು. ಯಾರೋ ಕಾಲುವೆಯ ಗೇಟು ಎತ್ತಿ ನೀರು ಬಿಟ್ಟು ಸರ್ವೇಯರ್ ಕೊಚ್ಚಿಹೋದ ಬೆಳಿಗ್ಗೆ, ಗೇಟಿನ ಚಕ್ರಕ್ಕೆ ಸಿಕ್ಕಿಕೊಂಡಿದ್ದ ವಾಚು ಅದು. ಅದು ನೀರಗಂಟಿಯ ವಾಚು ಎಂಬ ಒಂದೇ ಕಾರಣಕ್ಕೆ, ಮೂವತ್ತು ವರ್ಷದಿಂದ ಆ ಕಾಲುವೆಗೆ ನೀರು ಬಿಟ್ಟು ಕಟ್ಟಿ ಮಾಡಿದ ಮುದುಕ ಈಗ ಪಕ್ಕದ ಲಾಕಪ್ಪಿನಲ್ಲಿ ಮಂಡಿ ತಬ್ಬಿಕೊಂಡು ಕೂತಿದ್ದ. ನಾಳೆ ಸಂಜೆ ಐದಕ್ಕೆ ಜೀಪು ಬರುತ್ತದೆ. ಅವನನ್ನು ದೊಡ್ಡ ಊರಿನ ಜೈಲಿಗೆ ಒಯ್ಯುತ್ತದೆ. ಕೊಲೆಯ ಆರೋಪ. ಹೋದ ಮೇಲೆ ಹೊರಗೆ ಬರುವಷ್ಟು ಆಯುಷ್ಯ ಅವನಲ್ಲಿ ಉಳಿದಿರಲಿಲ್ಲ.

"ನಿಂಗೇನಾದ್ರೂ ಕೇಳಿಸ್ತೇನೋ?" ದಫೇದಾರರು ಸರಳುಗಳ ಕಡೆ ತಿರುಗಿ ಕೇಳಿದರು.

"ಏನು?" ನೀರಗಂಟಿ ಕಿವಿಗೆ ಕೈ ಹಿಡಿದ. ಗೇಟಿನ ಕೆಳಗೆ ಭೋರ್ಗರೆಯುವ ನೀರು ಸಣ್ಣ ಸದ್ದುಗಳನ್ನೆಲ್ಲ ಅವನ ಕಿವಿಯಿಂದ ಎಂದೋ ಒಯ್ದಿತ್ತು.

"ಏನಿಲ್ಲ, ಮಲಕ್ಕೋ."

ಮುದ್ರೆ ಒಡೆದದ್ದಕ್ಕೆ ಒಂದು ಕಾಗದ ಬರೆದು, ದೊಡ್ಡಮ್ಮನ ಹೆಬ್ಬೆಟ್ಟು ಒತ್ತಿಸಿಕೊಂಡು, ದಫೇದಾರರು ಚೀಲವನ್ನು ಜೇಬಿಗೆ ಹಾಕಿಕೊಂಡು ಹೊರಟರು.

"ಹುಳಕ್ಕೆ ಹೆಬ್ಬೆಟ್ಟು ಒತ್ತಿಸ್ಕೊಂಡ ಪೊಲೀಸ್ನೋರನ್ನ ಇವತ್ತೇ ನೋಡಿದ್ದು," ಎಂದು ದೊಡ್ಡಮ್ಮ ಬೆರಳು ಒರೆಸಿಕೊಂಡಳು.

ಬಸ್ ನಿಲ್ದಾಣದ ಎದುರಿನ ಸಾಲಿನಲ್ಲಿ, ಚಪ್ಪಲಿ ಹೊಲಿಯುವವನಿಗೂ ಕೊಡೆ ರಿಪೇರಿಯವನಿಗೂ ನಡುವೆ, ಒಂದು ಗಾಜಿನ ಪೆಟ್ಟಿಗೆಯಷ್ಟೇ ಅಗಲದ ಅಂಗಡಿ. ಒಳಗೆ ಕೂತವಳನ್ನು ಊರೆಲ್ಲ ವಾಚಕ್ಕ ಎನ್ನುತ್ತಿತ್ತು. ನೀರಗಂಟಿಯ ಒಬ್ಬಳೇ ಮಗಳು. ಅಪ್ಪ ಒಳಗಿದ್ದ ಆರೂ ದಿನ ಅವಳು ಅಂಗಡಿಯ ಬಾಗಿಲು ಮುಚ್ಚಿರಲಿಲ್ಲ. ಮುಚ್ಚಿದರೆ ಜನ ಒಪ್ಪಿಕೊಂಡಳು ಎಂದುಕೊಳ್ಳುತ್ತಾರೆ ಎಂಬುದು ಅವಳ ಲೆಕ್ಕ.

"ಬಿಚ್ಚು," ಎಂದು ದಫೇದಾರರು ಚೀಲವನ್ನು ಅವಳ ಮುಂದಿಟ್ಟರು.

ಅವಳು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡಳು. ಕರಿ ಪ್ಲಾಸ್ಟಿಕ್ಕಿನ ಚೌಕ ವಾಚು, ಎರಡೂ ಪಕ್ಕಕ್ಕೆ ಎರಡೆರಡು ಗುಂಡಿ, ಬೆಂಕಿಪೊಟ್ಟಣದ ಅರ್ಧದಷ್ಟು ಗಾಜಿನ ಕಿಟಕಿ. ಗುಂಡಿ ಒತ್ತಿದರೆ ಸಮಯ ಹೋಗಿ ಆಟ ಬರುತ್ತದೆ: ಒಂದು ಪುಟ್ಟ ದೋಣಿ, ಮೇಲಿಂದ ಬೀಳುವ ಬಂಡೆಗಳು. ಎಡಗುಂಡಿ ಒತ್ತಿದರೆ ದೋಣಿ ಎಡಕ್ಕೆ, ಬಲಗುಂಡಿ ಒತ್ತಿದರೆ ಬಲಕ್ಕೆ. ತಪ್ಪಿಸಿಕೊಂಡಷ್ಟೂ ಅಂಕ. ಇಂಥ ವಾಚು ಮಾಡುವುದನ್ನು ನಿಲ್ಲಿಸಿ ಎಷ್ಟೋ ವರ್ಷಗಳಾಗಿದ್ದವು. ಊರಿನಲ್ಲಿ ಉಳಿದಿದ್ದದ್ದು ಇದೊಂದೇ.

ಹಿಂದಿನ ಮುಚ್ಚಳದ ನಾಲ್ಕು ತಿರುಪು ಬಿಚ್ಚಿ, ಮುಚ್ಚಳ ಎತ್ತಿ, ಒಳಮೈಯನ್ನು ಬೆಳಕಿಗೆ ಹಿಡಿದಳು. ಅಲ್ಲಿ ಸೂಜಿಯಿಂದ ಗೀರಿದ ಒಂಬತ್ತು ಸಣ್ಣ ಗೆರೆಗಳು, ಪ್ರತಿ ಗೆರೆಯ ತುದಿಗೂ ಒಂದು ಕೊಕ್ಕೆ.

"ಅಪ್ಪಂದೇ," ಎಂದಳು.

"ಯೋಚಿಸಿ ಹೇಳು ತಾಯಿ. ಈ ಮಾತು ಅವನ ಕುತ್ತಿಗೆಗೇ ಬರುತ್ತೆ."

"ಯೋಚಿಸಿದ್ರೆ ಗೀರು ಅಳಿಸಿಹೋಗುತ್ತಾ? ಸೆಲ್ ಬದಲಾಯಿಸಿದಾಗೆಲ್ಲ ಒಂದು ಗೆರೆ ಎಳೀತೀನಿ. ಒಂಬತ್ತು ವರ್ಷ, ಒಂಬತ್ತು ಗೆರೆ. ಸುಳ್ಳು ಹೇಳಿ ಅಪ್ಪನ್ನ ಬಿಡಿಸ್ಕೊಂಡ್ರೆ, ಆಮೇಲೆ ಈ ಊರಲ್ಲಿ ಯಾರು ನನ್ನ ಕೈಗೆ ವಾಚು ಕೊಡ್ತಾರೆ?"

 ದಫೇದಾರರ ಮೂವತ್ತೈದು ವರ್ಷದ ನೌಕರಿಯಲ್ಲಿ ಇಷ್ಟು ನೇರ ಉತ್ತರ ಕೊಟ್ಟ ಸಾಕ್ಷಿಗಳನ್ನು ಒಂದು ಕೈ ಬೆರಳಲ್ಲಿ ಎಣಿಸಬಹುದಿತ್ತು.

"ಹಾಗಾದ್ರೆ ಇನ್ನೊಂದು ಹೇಳು. ಇದು ದಿನಾ ಮೂರೂ ನಲವತ್ತಕ್ಕೆ ಯಾಕೆ ಕೂಗುತ್ತೆ?"

ಅವಳು ತಲೆ ಎತ್ತಿದಳು. ಭೂತಗನ್ನಡಿಯ ಹಿಂದೆ ಒಂದು ಕಣ್ಣು ಗೋಲಿಯಷ್ಟು ದೊಡ್ಡದಾಗಿ ಕಂಡಿತು.

"ಕೂಗಲ್ಲ. ಇದು ಮೂಗವಾಚು."

"ದೊಡ್ಡಮ್ಮ ದಿನಾ ಕೇಳಿದ್ದಾಳೆ."

"ಇದಕ್ಕೆ ಬಾಯಿಲ್ಲ ದಫೇದಾರ್ರೇ, ನಾನೇ ತೆಗೆದಿದ್ದೀನಿ. ಅಮ್ಮ ಕಾಯಿಲೆ ಬಿದ್ದು ಮಲಗಿದ್ದಾಗ ಅಪ್ಪ ಪಕ್ಕದಲ್ಲೇ ಕೂತು ಆಡ್ತಿದ್ದ. ಇದು ಕುಯ್ ಕುಯ್ ಅಂತಿತ್ತು. ಅಪ್ಪನಿಗೆ ಕೇಳಿಸ್ತಿರಲಿಲ್ಲ, ಅಮ್ಮನಿಗೆ ನಿದ್ದೆ ಬರ್ತಿರಲಿಲ್ಲ. ಮುಚ್ಚಳಕ್ಕೂ ಒಳಗಿನ ಯಂತ್ರಕ್ಕೂ ನಡುವೆ ಸಾಸಿವೆಯಷ್ಟು ಒಂದು ಸ್ಪ್ರಿಂಗ್ ಇರುತ್ತೆ. ಅದನ್ನ ತೆಗೆದ್ರೆ ಸದ್ದು ಬರಲ್ಲ. ತೆಗೆದು ಡಬ್ಬೀಲಿ ಹಾಕಿದೆ. ಅಮ್ಮ ಹೋದಳು, ಆಮೇಲೆ ಮತ್ತೆ ಹಾಕೋಕೆ ನನಗೇ ಮನಸ್ಸು ಬರಲಿಲ್ಲ."

ಮಾತಾಡುತ್ತಲೇ ಚಿಮಟದ ತುದಿಯಿಂದ ಯಂತ್ರದ ಒಂದು ಮೂಲೆ ಮುಟ್ಟಿದಳು. ಕೈ ಅಲ್ಲೇ ನಿಂತಿತು.

"ಯಾರೋ ಹಾಕಿದ್ದಾರೆ."

ಹೊರಗೆ ತೆಗೆದು ಬಿಳಿ ಕಾಗದದ ಮೇಲಿಟ್ಟಳು. ದಫೇದಾರರ ಬರಿಗಣ್ಣಿಗೆ ಅದು ಒಂದು ಕೆಂಪು ಧೂಳಿನ ಕಣ. ಭೂತಗನ್ನಡಿಯಲ್ಲಿ ನೋಡಿದಾಗ ಸುರುಳಿ.

"ವಾಚಿನ ಸ್ಪ್ರಿಂಗ್ ಬೆಳ್ಳಗಿರುತ್ತೆ. ಇದು ತಾಮ್ರ. ಸೂಜಿಗೆ ಸುತ್ತಿ ಕೈಯಲ್ಲೇ ಮಾಡಿದ್ದು. ಎರಡೂ ತುದಿ ಕೆರೆದಿದ್ದಾರೆ ನೋಡಿ, ಮೇಲಿನ ಬಣ್ಣ ಹೋಗ್ಲಿ ಅಂತ. ಮೋಟಾರು ಸುತ್ತೋ ತಂತಿ ಇದು."

ಅವಳ ದನಿ ಕೊನೆಗೆ ಸ್ವಲ್ಪ ಇಳಿಯಿತು. ದಫೇದಾರರು ಅದನ್ನು ಗಮನಿಸಿದರು. ಆದರೆ ಅವಸರ ಮಾಡಲಿಲ್ಲ. ಕೆಸರಿನಲ್ಲಿ ಸಿಕ್ಕ ಎತ್ತನ್ನು ಜಗ್ಗಿದರೆ ಕಾಲು ಮುರಿಯುತ್ತದೆ ಎಂಬುದು ಬೇಸಾಯದ ಮನೆಯಲ್ಲಿ ಬೆಳೆದ ಅವರಿಗೆ ಗೊತ್ತಿತ್ತು.

"ಇನ್ನೇನಾದ್ರೂ ಇದೆಯಾ ಅದರೊಳಗೆ?"

"ಅಂಕ ಇರುತ್ತೆ. ಸೆಲ್ ತೆಗೆದ ತಕ್ಷಣ ಅಂಕ ಅಳಿಸಿಹೋಗುತ್ತೆ. ಅದಕ್ಕೆ ಸೆಲ್ ಬದಲಾಯಿಸುವಾಗ ಇನ್ನೊಂದು ಸೆಲ್ಲಿಗೆ ಎರಡು ತಂತಿ ಕಟ್ಟಿ ಹಿಡ್ಕೊಂಡಿರ್ತೀನಿ, ಅಲ್ಲೀವರೆಗೆ ಅಪ್ಪ ಎದುರಿಗೆ ಕೂತು ಉಸಿರು ಬಿಡ್ತಿರಲಿಲ್ಲ. ಸಾವಿರದ ಎಂಟ್ನೂರ ಎಪ್ಪತ್ತು, ಒಂಬತ್ತು ವರ್ಷದಿಂದ. ಊರಿಗೆಲ್ಲ ಗೊತ್ತು."

"ನಂಗೂ ಗೊತ್ತು. ನನ್ನ ಮಗಳ ಮದುವೆ ಮನೆಗೆ ಬಂದು ಬೀಗರಿಗೆ ಅದನ್ನ ತೋರಿಸಿದ್ದ."

ಅವಳು ಒಂದು ಗುಂಡಿಯನ್ನು ಒತ್ತಿ ಹಿಡಿದಳು. ಕಿಟಕಿಯಲ್ಲಿ ನಾಲ್ಕು ಅಂಕಿ ಮೂಡಿದವು.

ಎರಡು ಸಾವಿರದ ಹದಿನೈದು.

ದಫೇದಾರರು ಬಗ್ಗಿ ಅಂಕಿಗಳನ್ನು ಇನ್ನೊಮ್ಮೆ ಓದಿದರು.

"ಅಪ್ಪನೇ ದಾಟಿರಬಹುದಲ್ಲ?" ದಫೇದಾರರು ಬೇಕೆಂದೇ ಕೇಳಿದರು.

"ಅಪ್ಪ ದಾಟಿದ್ರೆ ನಿಮಗೆ ಗೊತ್ತಾಗ್ತಿರಲಿಲ್ವಾ? ಡಂಗುರ ಹೊಡೆಸ್ತಿದ್ದ! ಐದು ಅಂಕ ಜಾಸ್ತಿ ಬಂದಿದ್ರೂ ಕೆಲಸ ಬಿಟ್ಟು ಓಡಿ ಬಂದು ಈ ಗಾಜು ಬಡೀತಿದ್ದ." ಅವಳು ಭೂತಗನ್ನಡಿ ತೆಗೆದಳು. "ಸರ್ವೇಯರ್ರು ಸಾಯೋಕೆ ಎಂಟು ದಿನ ಮೊದಲೇ ವಾಚು ಕಳೆದುಹೋಯ್ತು ಅಂತ ಅವನು ಹೇಳಿದ್ದು ನಿಜ. ಇದು ಬೇರೆ ಯಾರದೋ ಕೈಲಿತ್ತು. ಆ ಬೇರೆಯವರು ಅಪ್ಪನಿಗಿಂತ ಚೆನ್ನಾಗಿ ಆಡೋರು."

"ಮತ್ತೆ ಈ ತಂತಿ ಸುತ್ತಿದವರು?"

ಅವಳು ವಾಚನ್ನು ತಿರುಪು ಹಾಕಿ ಮುಚ್ಚಿದಳು. ಸುರುಳಿಯನ್ನು ಮತ್ತೆ ಅದರ ಜಾಗದಲ್ಲೇ ಇಟ್ಟಿದ್ದಳು. ಎದ್ದು ಸೀರೆಯ ಸೆರಗು ಸೊಂಟಕ್ಕೆ ಬಿಗಿದಳು.

"ಈ ಸುರುಳಿ ಎಡಕ್ಕೆ ತಿರುಗಿದೆ. ಎಡಗೈಯೋರು ಸುತ್ತಿದ್ದು. ಈ ಊರಲ್ಲಿ ಎಡಗೈಲಿ ಮೋಟಾರು ಸುತ್ತೋರು ಒಬ್ಬರೇ. ಬೆಸುಗೆ ಕಡ್ಡಿ ಹಿಡಿಯೋದನ್ನ ನಂಗೆ ಕಲಿಸಿದ್ದೂ ಅವರೇ."

ದಫೇದಾರರಿಗೆ ಹೆಸರು ಬೇಕಿರಲಿಲ್ಲ. ಅವಳ ಅಮ್ಮನ ತಮ್ಮ. ಊರಿಗೆಲ್ಲ ಮೋಟಾರು ಮಾವ.

ಆದರೆ ಮೋಟಾರು ಮಾವನ ಅಂಗಡಿಗೆ ಬೀಗ ಬಿದ್ದಿತ್ತು. ಯಾರದೋ ಬಾವಿಯ ಪಂಪು ಇಳಿಸಲು ಹೋಗಿದ್ದಾರೆ, ಬರುವುದು ನಾಳೆ ಮಧ್ಯಾಹ್ನ ಎಂದು ಪಕ್ಕದ ಸೈಕಲ್ ಅಂಗಡಿಯವನು ಹೇಳಿದ.

ಸಂಜೆ ದಫೇದಾರರು ಊಟದ ತಟ್ಟೆಯನ್ನು ಸರಳಿನ ಕೆಳಗೆ ಜಾರಿಸಿ, ಅಲ್ಲೇ ನೆಲದ ಮೇಲೆ ಕೂತರು.

"ನಿನ್ನ ದೋಣಿ ಆಟದಲ್ಲಿ ಎಷ್ಟೋ ನಿನ್ನ ಅಂಕ?"

"ಸಾವಿರದ ಎಂಟ್ನೂರ ಎಪ್ಪತ್ತು." ನೀರಗಂಟಿ ತುತ್ತು ಕೈಯಲ್ಲೇ ಹಿಡಿದು ಬೆನ್ನು ನೆಟ್ಟಗೆ ಮಾಡಿದ. "ಯಾರೂ ದಾಟಿಲ್ಲ. ದಾಟೋದೂ ಇಲ್ಲ."

"ಎರಡು ಸಾವಿರ ದಾಟೋಕೆ ಯಾರಿಂದಾದ್ರೂ ಆಗುತ್ತೆ ಅಂತೀಯಾ?"

ಮುದುಕ ತುತ್ತನ್ನು ತಟ್ಟೆಗೆ ಹಾಕಿದ. ಗೋಡೆಯ ಕಡೆ ತಿರುಗಿ ಕೂತ. ಕಿವಿ ಕೆಂಪಾಗಿತ್ತು.

"ವಾಚು ಕಳೆದುಹೋಯ್ತು ಅಂದ್ನಲ್ಲ. ಅಷ್ಟೇ."

"ಹೆಂಗೆ ಕಳೆದುಹೋಯ್ತು?"

"ಕಳೆದುಹೋಗೋದು ಹೆಂಗೆ? ಹೋಯ್ತು. ಬೇರೆ ಏನಾದ್ರೂ ಕೇಳಿ. ಆ ಚಕ್ರದ ವಿಷಯ ಯಾಕೆ ಕೇಳಲ್ಲ ನೀವು? ಅದನ್ನ ಒಬ್ಬ ತಿರುಗಿಸಬೇಕು ಅಂದ್ರೆ ನನ್ನ ಹಾರೆ ಸಿಕ್ಕಿಸಿ ಮೀಟಬೇಕು. ಹಾರೆ ಅವತ್ತು ನನ್ನ ಹೆಗಲ ಮೇಲಿತ್ತು, ನಾನು ಕಾಲುವೆ ಕೊನೇಲಿ ಜೊಂಡು ಕೀಳ್ತಿದ್ದೆ. ಬರೀ ಕೈಲಿ ಆದ್ರೆ ಇಬ್ಬರು ಬೇಕು, ಕೈ ಜಾರಿದ್ರೆ ಅಂಗೈ ಕಿತ್ತುಬರುತ್ತೆ. ಇಬ್ಬರು!"

"ಬರ್ಕೊಂಡಿದ್ದೀನಿ."

"ಬರ್ಕೊಂಡು ಏನು ಮಾಡಿದ್ರಿ?"

 ದಫೇದಾರರು ಮೇಜಿಗೆ ಹೋಗಿ ಕಾಲುವೆ ಮೇಸ್ತ್ರಿಯ ಹೇಳಿಕೆಯನ್ನು ಇನ್ನೊಮ್ಮೆ ಓದಿದರು. ಕಾಲುವೆಯ ಗೋಡೆಗೆ ಹೊಸದಾಗಿ ಕಾಂಕ್ರೀಟು ಹಾಕಿಸಿದವನು ಅವನು. ಆ ಕಾಂಕ್ರೀಟು ಎಷ್ಟು ದಪ್ಪ ಇದೆ ಎಂದು ಅಳೆಯಲು ಬಂದವರೇ ಸರ್ವೇಯರ್. ಘಟನೆಯನ್ನು ಮೊದಲು ಕಂಡವನೂ, ವಾಚನ್ನು ಚಕ್ರದಿಂದ ಬಿಡಿಸಿ ಠಾಣೆಗೆ ತಂದವನೂ ಮೇಸ್ತ್ರಿಯೇ. 'ಸರ್ವೇಯರ್ ಸಾಹೇಬರು ಒಂಬತ್ತಕ್ಕೆ ಕಾಲುವೆಯೊಳಗೆ ಇಳಿದರು. ಆಮೇಲೆ ಗೇಟಿನ ಕಟ್ಟೆಯ ಮೇಲೆ ಬರಲೇ ಇಲ್ಲ. ಅವರಿಗೆ ವಾಚು ಕಟ್ಟುವ ಅಭ್ಯಾಸ ಇರಲಿಲ್ಲ. ಸಿಕ್ಕಿದ ವಾಚು ನೀರಗಂಟಿಯದು.'

ವಾಚು ಕಟ್ಟುವ ಅಭ್ಯಾಸ ಇರಲಿಲ್ಲ. ಇದರ ಬಗ್ಗೆ ಅವನನ್ನು ಯಾರೂ ಕೇಳಿರಲಿಲ್ಲ. ತಾನಾಗಿಯೇ ಹೇಳಿದ್ದ. ದಫೇದಾರರು ಅದರ ಕೆಳಗೆ ಪೆನ್ಸಿಲಿನಿಂದ ಒಂದು ಗೆರೆ ಎಳೆದರು.

ಮಾರನೆಯ ದಿನ ಮಧ್ಯಾಹ್ನ ಮೂರು ಗಂಟೆ.

ಮೋಟಾರು ಮಾವನ ಅಂಗಡಿಯಲ್ಲಿ ವಾರ್ನಿಷಿನ ವಾಸನೆ ಮೂಗಿಗೆ ಅಡರುತ್ತಿತ್ತು. ಗೋಡೆಯುದ್ದಕ್ಕೂ ಹೊಟ್ಟೆ ಬಗೆದಿಟ್ಟ ಮೋಟಾರುಗಳು. ಬಾಗಿಲ ಹತ್ತಿರ, ಸುತ್ತಿ ಮುಗಿದು ಒಣಗಲು ಇಟ್ಟ ಒಂದು ಪಂಪಿನ ಮೇಲೆ ಹಳದಿ ಬಣ್ಣದಲ್ಲಿ 'ಮೇಸ್ತ್ರಿ' ಎಂದು ಬರೆದಿತ್ತು. ಮಾವ ನೆಲದ ಮೇಲೆ ಕೂತು, ಇನ್ನೊಂದು ಮೋಟಾರಿನ ಸಂದಿಗಳಿಗೆ ತಂತಿ ತುರುಕುತ್ತಿದ್ದ. ಬಲಗೈಯಲ್ಲಿ. ಎಡ ಅಂಗೈಗೆ ಹಳೆಯ ಪಂಚೆಯ ಬಟ್ಟೆ ಸುತ್ತಿ ಗಂಟು ಹಾಕಿತ್ತು.

"ಬಾ ಕೂಸೇ. ಏನು, ಪೊಲೀಸ್ನೋರನ್ನೂ ಕರ್ಕೊಂಡು ಬಂದಿದ್ದೀಯ? ಮಾವನ್ನ ಹಿಡ್ಕೊಡೋಕಾ?" ಎಂದು ನಕ್ಕ.

ವಾಚಕ್ಕ ನಗಲಿಲ್ಲ. ಮುಚ್ಚಳ ಬಿಚ್ಚಿದ ವಾಚನ್ನು ಅವನ ಮುಂದೆ ಹಿಡಿದಳು.

"ಇದರೊಳಗಿನ ಸುರುಳಿ ಯಾರ ಕೈದು ಮಾವ?"

ಮಾವ ನೋಡಿದ. ನೋಡಿ ಮತ್ತೆ ತಂತಿಯ ಕಡೆ ತಿರುಗಿದ. "ತಂತಿ ತುಂಡು. ನನ್ನಂಗಡಿ ಗುಡಿಸಿದ್ರೆ ಮೊರದ ತುಂಬ ಸಿಗುತ್ತೆ. ಯಾರು ಬೇಕಾದ್ರೂ ಎತ್ಕೊಂಡು ಹೋಗಬಹುದು."

"ಎಡಕ್ಕೆ ಸುತ್ತಿದೆ."

"ಎಡಗೈ ಬೇರೆ ಯಾರಿಗೂ ಇಲ್ವಾ?"

"ತುದಿ ಎರಡು ಸಲ ಕೆರೆದಿದೆ. ಒಂದು ಸಲ ಕೆರೆದ್ರೆ ನಂಬಬೇಡ, ಇನ್ನೊಂದು ಸಲ ಕೆರಿ ಅಂತ ನನ್ನ ತಲೆಗೆ ಮೊಟಕಿ ಹೇಳಿಕೊಟ್ಟೋರು ಯಾರು?"

ಮಾವ ತಂತಿಯನ್ನು ಸಂದಿಗೆ ಇನ್ನಷ್ಟು ತುರುಕಿದ.

"ಇನ್ನು ಎರಡು ಗಂಟೇಲಿ ಜೀಪು ಬರುತ್ತೆ," ದಫೇದಾರರು ಒಂದು ಮರದ ಪೆಟ್ಟಿಗೆಯ ಮೇಲೆ ನಿಧಾನವಾಗಿ ಕೂತರು. "ನಿನ್ನ ಅಕ್ಕನ ಗಂಡನನ್ನ ಹತ್ತಿಸ್ಕೊಂಡು ಹೋಗುತ್ತೆ. ನಿನ್ನ ಬಾಯಲ್ಲಿರೋ ಮಾತು ಆಮೇಲೆ ಹೇಳಿದ್ರೆ ಅದಕ್ಕೆ ಮೂರು ಕಾಸಿನ ಬೆಲೆ ಇರಲ್ಲ."

"ಹೇಳಿದ್ರೇನೇ ಭಾವ ಮುಳುಗ್ತಾನೆ ದಫೇದಾರ್ರೇ!"

ಮಾತು ಜಾರಿ ಹೋಗಿತ್ತು. ಮಾವ ತುಟಿ ಕಚ್ಚಿಕೊಂಡ.

"ಮಾವ," ವಾಚಕ್ಕ ಅವನ ಎದುರಿಗೇ ನೆಲದ ಮೇಲೆ ಕೂತಳು. "ಅಮ್ಮ ಹೋದಾಗ ನೀವು ಏನಂದ್ರಿ? ನಿಮ್ಮಪ್ಪನ ಕಿವಿ ಹೋಗಿದೆ, ಇನ್ನು ಮೇಲೆ ಅವನ ಕಿವಿ ನೀನು, ಅಂದ್ರಿ. ಹೇಳಿ. ನಾನು ಕೇಳಿಸ್ಕೋತೀನಿ."

ಮಾವ ತಂತಿಯನ್ನು ಕೆಳಗಿಟ್ಟ.

"ಸರ್ವೇಯರ್ರು ತಂದಿದ್ರು."

ದಫೇದಾರರ ಬೆನ್ನು ನೆಟ್ಟಗಾಯಿತು. "ಯಾರು?"

"ಸತ್ತರಲ್ಲ, ಅವರೇ. ಸಾಯೋಕೆ ಒಂದು ವಾರ ಮುಂಚೆ. ಕೈಗೆ ಕಟ್ಕೊಂಡು ಬಂದ್ರು. ಇದು ಕೂಗೋ ಹಾಗೆ ಮಾಡಿಕೊಡಿ, ಮಧ್ಯಾಹ್ನ ಮೂರೂ ನಲವತ್ತಕ್ಕೆ ನಂಗೆ ಎದೆ ಮಾತ್ರೆ ನುಂಗಬೇಕು, ಅಳತೆ ಮಾಡ್ತಾ ಮಾಡ್ತಾ ಮರೀತೀನಿ, ಅಂದ್ರು. ವಾಚು ನೋಡಿದ ಕೂಡಲೇ ಗೊತ್ತಾಯ್ತು ಭಾವಂದು ಅಂತ. ಎಲ್ಲಿ ಸಿಕ್ತು ಸ್ವಾಮಿ ಅಂದೆ. ಗೆದ್ದೆ ಅಂದ್ರು."

"ಗೆದ್ರಾ?"

"ಇಬ್ಬರೂ ಮಧ್ಯಾಹ್ನ ಗೇಟಿನ ಕಟ್ಟೆ ಮೇಲೆ ಊಟಕ್ಕೆ ಕೂರ್ತಿದ್ರಂತೆ. ಭಾವ ಕೊಚ್ಕೊಂಡಿದ್ದಾನೆ, ನನ್ನ ಅಂಕ ದಾಟಿದೋರಿಗೆ ಈ ವಾಚೇ ಕೊಡ್ತೀನಿ ಅಂತ. ಆ ಮನುಷ್ಯ ಎರಡನೇ ದಿನಕ್ಕೇ ದಾಟಿಬಿಟ್ರು. ಬೇಡ ಇಟ್ಕೊಳ್ಳಿ ಅಂದ್ರೂ ಭಾವ ಕೇಳಲಿಲ್ಲ, ಕೈಯಿಂದ ಬಿಚ್ಚಿ ಕೊಟ್ಟು ಬಿರಬಿರನೆ ನಡೆದುಬಿಟ್ನಂತೆ. ಅದನ್ನ ಹೇಳ್ಕೊಂಡು ಸರ್ವೇಯರ್ರು ಇಲ್ಲೇ ಕೂತು ನಕ್ಕರು. ಕೆಲಸ ಮುಗಿಸಿ ಊರಿಗೆ ಹೋಗೋ ದಿನ ವಾಪಸ್ ಕೊಟ್ಟು ಹೋಗ್ತೀನಿ, ಮುದುಕ ಮುಖ ತೋರಿಸ್ತಿಲ್ಲ, ಅಂದ್ರು."

ವಾಚಕ್ಕ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ದಫೇದಾರರಿಗೆ ತಿಳಿಯಲಿಲ್ಲ. ಬಹುಶಃ ಎರಡೂ.

"ಅದಕ್ಕೇ ಕಳೆದುಹೋಯ್ತು ಅಂದ," ಅವಳು ಕೈ ತೆಗೆದಳು. "ಸೋತೆ ಅನ್ನೋಕೆ ಬಾಯಿ ಬರಲಿಲ್ಲ. ಕೊಲೆ ಕೇಸು ತಲೆ ಮೇಲೆ ಬಂದ್ರೂ ಬರಲಿಲ್ಲ! ಅಯ್ಯೋ ಅಪ್ಪ!"

ದಫೇದಾರರಿಗೆ ನಿನ್ನೆಯ ಕೆಂಪು ಕಿವಿ ನೆನಪಾಯಿತು. ಆರು ದಿನದಿಂದ ಲಾಠಿಗೂ ಜಗ್ಗದೆ ಆ ಮುದುಕ ಕಾಯ್ದುಕೊಂಡು ಕೂತದ್ದು ಇದೊಂದನ್ನು.

"ನೀನು ಯಾಕೆ ಬಾಯಿ ಮುಚ್ಕೊಂಡೆ?" ಎಂದು ಮಾವನನ್ನು ಕೇಳಿದರು.

"ಭಾವ ಕಳೆದುಹೋಯ್ತು ಅಂತ ಬರೆಸಿಬಿಟ್ಟಿದ್ದ. ನಾನು ಹೋಗಿ ಇಲ್ಲ, ಸರ್ವೇಯರ್ರ ಹತ್ತಿರ ಸೋತಿದ್ದ ಅಂದ್ರೆ? ಸುಳ್ಳೂ ಹೇಳ್ದ, ಸೋತ ಹೊಟ್ಟೆಕಿಚ್ಚೂ ಇತ್ತು ಅಂತ ನೀವೇ ಹೇಳ್ತಿದ್ರಿ."

ಮಾತು ಸರಿಯಾಗಿತ್ತು. ಆದರೆ ದಫೇದಾರರು ಆಗಲೇ ಅದರಾಚೆ ಹೋಗಿದ್ದರು. ವಾಚು ಸರ್ವೇಯರ್ ಕೈಯಲ್ಲಿತ್ತು. ಸಿಕ್ಕಿದ್ದು ಮೇಲೆ, ಚಕ್ರದಲ್ಲಿ, ಪಟ್ಟಿ ಕಿತ್ತುಹೋಗಿ. ಅಂದರೆ ಸರ್ವೇಯರ್ ಕೆಳಗೆ ಕಾಲುವೆಯೊಳಗೆ ಇರಲಿಲ್ಲ. ಮೇಲೆ ಇದ್ದರು. ಅಳತೆ ನಡೆಯದಂತೆ ಗೇಟು ಎತ್ತುವವರ ಕೈ ಹಿಡಿಯಲು ಹೋಗಿದ್ದರು. ಅಲ್ಲಿಂದ ಕೆಳಗೆ ಬಿದ್ದರು, ಅಥವಾ ಬೀಳಿಸಿದರು.

ಹಾಗಾದರೆ ಮೇಸ್ತ್ರಿಯ ಹೇಳಿಕೆ?

"ಇದನ್ನ ಬರೆದು ಸಹಿ ಹಾಕು," ದಫೇದಾರರು ಜೇಬಿನಿಂದ ಕಾಗದ, ಪೆನ್ನು ತೆಗೆದರು.

ಮಾವ ಎಡಗೈಯನ್ನು ಮಡಿಲಿಗೆ ಎಳೆದುಕೊಂಡ. "ಕೈ ಸುಟ್ಟಿದೆ. ಬೆಸುಗೆ ಕಡ್ಡಿ ತಾಗ್ತು. ಬಲಗೈಲಿ ನಂಗೆ ಬರೆಯೋಕೆ ಬರಲ್ಲ. ನೀವೇ ಬರ್ಕೊಳ್ಳಿ, ಹೆಬ್ಬೆಟ್ಟು ಒತ್ತುತೀನಿ."

ದಫೇದಾರರು ಬರೆಯತೊಡಗಿದರು. ವಾಚಕ್ಕ ವಾಚಿನ ಮುಚ್ಚಳ ಹಾಕಿ ತಿರುಪು ಬಿಗಿದಳು. ಎರಡನೆಯ ಸಾಲು ಮುಗಿಯುವಷ್ಟರಲ್ಲಿ ಬಾಗಿಲ ಬೆಳಕಿಗೆ ಯಾರೋ ಅಡ್ಡ ಬಂದರು.

"ನಮ್ಮ ಪಂಪು ಆಯ್ತೇನಪ್ಪಾ?"

ಮೇಸ್ತ್ರಿ. ಅಂಗಿಯ ತೋಳಿನ ಮೇಲೆ ಸಿಮೆಂಟಿನ ಬೂದಿ. ದಫೇದಾರರನ್ನು ಕಂಡು ಒಂದು ಕ್ಷಣ ನಿಂತು, ಆಮೇಲೆ ಕೈ ಮುಗಿದ.

"ಓ, ದಫೇದಾರ್ರು! ಇವತ್ತೇ ಅಲ್ವಾ ಜೀಪು ಬರೋದು? ಪಾಪ ಮುದುಕ. ಏನೋ ಸಿಟ್ಟಲ್ಲಿ ಮಾಡಿಬಿಟ್ಟ."

ವಾಚಕ್ಕ ಬಾಯಿ ತೆರೆದಳು. ದಫೇದಾರರು ಕಣ್ಣಲ್ಲೇ ಬೇಡವೆಂದರು. ಕಾಗದವನ್ನು ಮಡಚಿ ಜೇಬಿಗೆ ಹಾಕಿದರು. ಗೋಡೆಯ ಮೇಲೆ, ಮೋಟಾರು ಕಂಪನಿಯ ಹಳೆಯ ಕ್ಯಾಲೆಂಡರಿನ ಪಕ್ಕ, ಒಂದು ಗಡಿಯಾರವಿತ್ತು. ಮೂರು ಗಂಟೆ ಮೂವತ್ತೈದು.

"ಕೂತ್ಕೊಳ್ಳಿ ಮೇಸ್ತ್ರಿ. ಬಿಸಿಲಲ್ಲಿ ಬಂದಿದ್ದೀರಿ. ಪಂಪು ಎಲ್ಲಿಗೂ ಓಡಿಹೋಗಲ್ಲ."

"ಕೆಲಸ ಇದೆ ದಫೇದಾರ್ರೇ."

"ನಮಗೂ ಇದೆ. ನನ್ನ ಸಂಶಯ ಒಂದೇ. ಸರ್ವೇಯರ್ರ ಜತೆ ಎಷ್ಟು ದಿನ ಇದ್ರಿ ನೀವು?"

"ಆಗ್ಲೇ ಬರೆಸಿದ್ದೀನಲ್ಲ. ಅವರು ಬಂದ ದಿನದಿಂದ ಪೂರ್ತಿ. ಅಳತೆಪಟ್ಟಿ ಹಿಡಿಯೋದು, ಊಟ ತರಿಸೋದು, ನೀರು ಕೊಡೋದು, ಎಲ್ಲ ನಾನೇ. ಒಳ್ಳೆ ಮನುಷ್ಯ." ಮೇಸ್ತ್ರಿ ಹಣೆ ಒರೆಸಿಕೊಂಡ.

"ವಾಚು ಕಟ್ತಿರಲಿಲ್ಲ ಅಲ್ವಾ ಅವರು?"

"ಇಲ್ಲ ಇಲ್ಲ. ನಾನು ನೋಡೇ ಇಲ್ಲ."

"ಟೈಮು ಹೆಂಗೆ ಗೊತ್ತಾಗ್ತಿತ್ತು?"

"ನನ್ನ ಕೇಳ್ತಿದ್ರು."

"ಹೂಂ," ಎಂದರು ದಫೇದಾರರು. ದೊಡ್ಡಮ್ಮ ಇದ್ದಿದ್ದರೆ ಆ ಹೂಂಗೆ ಬೈಯುತ್ತಿದ್ದಳು. "ತಾಯಿ, ಮೇಸ್ತ್ರಿಗೆ ಒಂದು ಲೋಟ ನೀರು ಕೊಡು. ಬಾಯಿ ಒಣಗಿದೆ."

ವಾಚಕ್ಕನಿಗೆ ಅರ್ಥವಾಯಿತು. ವಾಚನ್ನು ಮೋಟಾರುಗ್ರೀಸು ಒರೆಸುವ ಬಟ್ಟೆಯ ಕೆಳಗೆ ಮೆಲ್ಲಗೆ ಸರಿಸಿ ಎದ್ದಳು. ಮೂಲೆಯ ಹೂಜಿಯಿಂದ ನೀರು ಬಗ್ಗಿಸಿದಳು. ಲೋಟ ತುಂಬಲು ಅಷ್ಟು ಹೊತ್ತು ಬೇಕಿರಲಿಲ್ಲ. ಅವಳು ತೆಗೆದುಕೊಂಡಳು. ಗಡಿಯಾರದ ಮುಳ್ಳು ಮೂವತ್ತೊಂಬತ್ತರಿಂದ ಕದಲುತ್ತಿತ್ತು.

ಮೇಸ್ತ್ರಿ ಲೋಟ ತೆಗೆದುಕೊಂಡ. ತಲೆ ಹಿಂದಕ್ಕೆ ವಾಲಿಸಿ ತುಟಿಯ ಹತ್ತಿರ ತಂದ.

ಬಟ್ಟೆಯ ಕೆಳಗಿಂದ ಹುಳು ಕೂಗಿತು.

ಸಣ್ಣ, ಚೂಪು ಸದ್ದು. ಕುಯ್ ಕುಯ್, ಕುಯ್ ಕುಯ್.

ಮೇಸ್ತ್ರಿ ನೀರು ಕುಡಿಯಲಿಲ್ಲ. ಬೆಚ್ಚಿಬೀಳಲೂ ಇಲ್ಲ. ಅವನ ಕೈ, ಅವನನ್ನು ಕೇಳದೆಯೇ, ಲೋಟವನ್ನು ತುಟಿಯಿಂದ ಇಳಿಸಿ ಬಲಗಡೆಗೆ ಚಾಚಿತು. ಒಂದು ವಾರ ದಿನವೂ ಆ ಸದ್ದಿಗೆ ಒಬ್ಬ ಮನುಷ್ಯ ಅಂಗೈಯಲ್ಲಿ ಮಾತ್ರೆ ಹಿಡಿದು ನಿಲ್ಲುತ್ತಿದ್ದ ಕಡೆಗೆ.

ಅಲ್ಲಿ ಯಾರೂ ಇರಲಿಲ್ಲ.

"ಯಾರಿಗೆ ಮೇಸ್ತ್ರಿ, ಆ ನೀರು?" ದಫೇದಾರರು ಮೆಲ್ಲಗೆ ಕೇಳಿದರು.

ಮೇಸ್ತ್ರಿ ತನ್ನ ಚಾಚಿದ ಕೈಯನ್ನು ಬೇರೆ ಯಾರದೋ ಎಂಬಂತೆ ನೋಡಿದ. ಲೋಟ ವಾಲಿ ನೀರು ಅವನ ಪಾದದ ಮೇಲೆ ಚೆಲ್ಲಿತು. ಮುಖದ ಬಣ್ಣ ತೋಳಿನ ಸಿಮೆಂಟಿನ ಬಣ್ಣಕ್ಕೆ ಬಂದಿತ್ತು. ಹುಳು ಇನ್ನೂ ಕೂಗುತ್ತಲೇ ಇತ್ತು.

"ನಿಮ್ಮ ಹೇಳಿಕೇಲಿ ಅವರು ವಾಚು ಕಟ್ತಿರಲಿಲ್ಲ. ನಿಮ್ಮ ಕೈ ಬೇರೆ ಹೇಳ್ತಿದೆ."

ಮೇಸ್ತ್ರಿ ಲೋಟವನ್ನು ಹಳದಿ ಅಕ್ಷರದ ಪಂಪಿನ ಮೇಲೆ ಇಟ್ಟ. ಬಾಗಿಲ ಕಡೆ ನೋಡಿದ. ದಫೇದಾರರು ಆಗಲೇ ಎದ್ದು ಅಡ್ಡ ನಿಂತಿದ್ದರು.  ಆಮೇಲೆ ಅವನು ಹೇಳಿದ ಮಾತು ದಫೇದಾರರಿಗೆ ಹೇಳಿದ್ದಲ್ಲ.

"ಆ ಚಕ್ರ ಒಬ್ಬನ ಕೈಲಿ ಅಲ್ಲಾಡಲ್ಲ. ಮುಳುಗೋದಾದ್ರೆ ನಾನೊಬ್ಬನೇ ಮುಳುಗಲ್ಲ."

ಅವನ ಕಣ್ಣು ನೆಲದ ಮೇಲಿತ್ತು. ನೆಲದ ಮೇಲೆ ಕೂತಿದ್ದ ಮಾವನ ಮಡಿಲಲ್ಲಿ, ಬಟ್ಟೆ ಸುತ್ತಿದ ಎಡ ಅಂಗೈಯ ಮೇಲೆ.

ವಾಚಕ್ಕ ಆ ದೃಷ್ಟಿಯನ್ನು ಹಿಂಬಾಲಿಸಿದಳು. ಬೆಸುಗೆ ಕಡ್ಡಿ ಬೆರಳ ತುದಿಯನ್ನು ಸುಡುತ್ತದೆ. ಅಂಗೈಯನ್ನಲ್ಲ. ಹದಿನಾಲ್ಕು ವರ್ಷ ಅದನ್ನು ಹಿಡಿದ ಅವಳಿಗೆ ಅದು ಯಾರಾದರೂ ಹೇಳಿಕೊಡಬೇಕಾದ ಮಾತಾಗಿರಲಿಲ್ಲ.

"ಕೈ ಕೊಡಿ ಮಾವ."

"ಬೇಡ ಕೂಸೇ."

ವಾಚಿನ ಸದ್ದು ನಿಂತಿತು. ಆ ಮೌನದಲ್ಲಿ ಅವಳು ಅವನ ಎದುರು ಮಂಡಿಯೂರಿ ಕೂತು, ತನಗೆ ಕೆಲಸ ಕಲಿಸಿದ ಆ ಕೈಯನ್ನು ತನ್ನ ಕಡೆ ಎಳೆದುಕೊಂಡು, ಬಟ್ಟೆಯ ಗಂಟಿಗೆ ಬೆರಳು ಹಾಕಿದಳು.